ಭೂಸ್ವಾಧೀನದ ಐತೀರ್ಪಾಗಿ ನಾಲ್ಕು ತಿಂಗಳಾಯಿತು. ಇನ್ನೂ ಪ್ರಶ್ನಿಸಲು ಬರುತ್ತದೆಯೇ?

ಎಡದಂಡೆಯ ಮಗಳು:

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಒಂದು ಪಟ್ಟಣಕ್ಕೆ ಹೊಂದಿಕೊಂಡು ನಮ್ಮ 2 ಎಕರೆ 14 ಗುಂಟೆ ಗದ್ದೆ ಇದೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆ ಚಹಾದಂಗಡಿಯಲ್ಲಿ ಅಪ್ಪನನ್ನು ನಿಲ್ಲಿಸಿ ಕೇಳುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿದೆ, ಕಾಲುವೆ ಬಂದ್ ಆದಾಗ ಬೋರ್‌ವೆಲ್ ಇದೆ. ನೀರು ಬಿಟ್ಟ ವರ್ಷ ಎರಡು ಬೆಳೆ ಭತ್ತ ತಪ್ಪಿದ್ದಿಲ್ಲ.

ಬೇಸಿಗೆಯಲ್ಲಿ ಪಟ್ಟಣಕ್ಕೆ ಕುಡಿಯುವ ನೀರು ಸಾಲುವುದಿಲ್ಲ, ಕಾಲುವೆ ಹರಿಯುವಾಗ ತುಂಬಿಟ್ಟುಕೊಳ್ಳಲು ಹೊಸ ಕೆರೆ ಬೇಕು ಎಂದು ಸ್ಥಳೀಯ ಸಂಸ್ಥೆಯವರು ನಮ್ಮದೂ ಸೇರಿದಂತೆ ಸುತ್ತಲಿನ ಜಮೀನು ಕೇಳಿದರು. ಕೆರೆ ಬೇಡ ಎನ್ನುವವಳು ನಾನಲ್ಲ. ಏಪ್ರಿಲ್ ಬಂದರೆ ನಮ್ಮ ಮನೆಯ ನಲ್ಲಿಯಲ್ಲೂ ಬರೀ ಗಾಳಿಯೇ. ಆದರೆ ನಡೆದದ್ದು ನೋಡಿ. ಪ್ರಾಥಮಿಕ ಅಧಿಸೂಚನೆ 2024ರ ಮಾರ್ಚ್‌ನಲ್ಲಿ, ಅಂತಿಮ ಅಧಿಸೂಚನೆ 2025ರ ಫೆಬ್ರವರಿಯಲ್ಲಿ, ಐತೀರ್ಪು, ಅಂದರೆ ಪರಿಹಾರ ಎಷ್ಟೆಂದು ನಿಗದಿ ಮಾಡುವ ಆದೇಶ, 2025ರ ನವೆಂಬರ್ 14ರಂದು. ಇದರಲ್ಲಿ ಒಂದೂ ಅಪ್ಪನ ಕೈಗೆ ಬರಲಿಲ್ಲ. ಪಹಣಿಯ ಒಂಬತ್ತನೇ ಕಲಂನಲ್ಲಿ ಇಂದಿಗೂ ಅಜ್ಜನ ಹೆಸರೇ ಇದೆ. ಅಜ್ಜ ತೀರಿಕೊಂಡದ್ದು 2009ರಲ್ಲಿ. ಅಪ್ಪನಿಗೂ ಕಾಕಾನಿಗೂ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸುವುದು) ಮಾಡಿಸಿಕೊಳ್ಳುವ ವಿಷಯದಲ್ಲಿ ಹೊಂದಲಿಲ್ಲ, ಹಾಗೇ ಉಳಿಯಿತು. ನೋಟಿಸು ಅಜ್ಜನ ಹೆಸರಿಗೆ ಬಂದು ಪಂಪ್‌ಸೆಟ್ ಮನೆಯ ಬಾಗಿಲಿಗೆ ಅಂಟಿತ್ತಂತೆ. ಮಳೆಗೆ ನೆಂದು ಅರ್ಧ ಹರಿದದ್ದನ್ನು ಕಾಕಾ ಕಿತ್ತು ಜೇಬಿಗಿಟ್ಟುಕೊಂಡಿದ್ದಾನೆ, ಹೇಳಿಲ್ಲ.

ಫೆಬ್ರವರಿಯಲ್ಲಿ ಕಚೇರಿಯಿಂದ ಫೋನ್ ಬಂತು: ವಂಶವೃಕ್ಷ ತನ್ನಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಚೆಕ್ ಒಯ್ಯಿರಿ. ಹೋಗಿ ನೋಡಿದರೆ ಐತೀರ್ಪಿನ ಪಟ್ಟಿಯಲ್ಲಿ ನಮ್ಮ ಸರ್ವೆ ನಂಬರಿನ ಮುಂದೆ ‘ಖುಷ್ಕಿ’, ಅಂದರೆ ನೀರಾವರಿ ಇಲ್ಲದ ಒಣ ಜಮೀನು, ಎಂದಿದೆ. ಗದ್ದೆಯ ಬದುವಿನ ಮೇಲೆ ನಿಂತವರು ಯಾರೂ ಅದನ್ನು ಖುಷ್ಕಿ ಎನ್ನಲಾರರು. ಬೋರ್‌ವೆಲ್ ಲೆಕ್ಕದಲ್ಲಿಲ್ಲ, ಹನ್ನೊಂದು ತೆಂಗಿನ ಮರಗಳ ಮುಂದೆ ಅಡ್ಡಗೆರೆ.

ಕಾಕಾನ ಮಗ ಹೇಳುತ್ತಾನೆ, ಇಲ್ಲೇ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿ ತಡೆಯಾಜ್ಞೆ ತರೋಣ ಎಂದು. ತಹಸೀಲ್ದಾರ್ ಕಚೇರಿ ಮುಂದಿನ ಅರ್ಜಿ ಬರೆಯುವವರು, ಅವಧಿ ಮುಗಿದಿದೆ ಅಮ್ಮಾ, ಕೊಟ್ಟದ್ದು ತೆಗೆದುಕೊಳ್ಳಿ ಎಂದರು. ಇಬ್ಬರಲ್ಲಿ ಯಾರ ಮಾತು ನಿಜ? ಸಹಿ ಇನ್ನೂ ಹಾಕಿಲ್ಲ. ಜಮೀನು ನಮ್ಮ ಕೈಯಲ್ಲೇ ಇದೆ, ಬೆಳೆ ನಿಂತಿದೆ.

ಧೈರ್ಯಂ ಸರ್ವತ್ರ:

ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿ ಅಕ್ಕಾ. ರಿಟ್‌ಗೆ ಕಾಲಮಿತಿ ಎಂಬುದೇ ಇಲ್ಲ. ಸತ್ತವರ ಹೆಸರಿಗೆ ನೋಟಿಸು ಕೊಟ್ಟಿದ್ದಾರೆಂದರೆ ಇಡೀ ಪ್ರಕ್ರಿಯೆ ಬಿದ್ದುಹೋಗುತ್ತದೆ.

ಹಳೆಯ ಶಿರಸ್ತೇದಾರ:

ಮೇಲಿನವರ ಧೈರ್ಯಕ್ಕೆ ನಮಸ್ಕಾರ. ಇಂಥ ಧೈರ್ಯ ಕೊಟ್ಟವರು ಆದೇಶ ಬರುವ ದಿನ ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕಾಣುವುದಿಲ್ಲ.

ತಂಗೀ, ಮೊದಲು ಆ ಒಪ್ಪಿಗೆ ಪತ್ರ. ಅದಕ್ಕೆ ಸಹಿ ಹಾಕಬೇಡಿ. ‘ಐತೀರ್ಪಿಗೆ ನನ್ನ ಸಮ್ಮತಿ ಇದೆ, ಹೆಚ್ಚಿನ ಪರಿಹಾರ ಕೋರುವುದಿಲ್ಲ’ ಎಂಬ ಒಂದು ಸಾಲು ಅದರಲ್ಲಿ ಎಲ್ಲೋ ನಡುವೆ ಇರುತ್ತದೆ. ಕೊನೆಯ ಸಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಚೆಕ್ ಬೇರೆ ಮಾತು. ಹಣದ ಅಗತ್ಯವಿದ್ದರೆ ತೆಗೆದುಕೊಳ್ಳಿ, ಆದರೆ ರಸೀದಿಯ ಮೇಲೆ ‘ಪ್ರತಿಭಟನೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಅಪ್ಪನ ಕೈಯಿಂದಲೇ ಬರೆಸಿ, ದಿನಾಂಕ ಹಾಕಿಸಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. 2013ರ ಭೂಸ್ವಾಧೀನ ಕಾಯ್ದೆಯ 77ನೇ ಕಲಂ ಸ್ಪಷ್ಟವಾಗಿದೆ: ಪ್ರತಿಭಟನೆ ದಾಖಲಿಸದೆ ಹಣ ಪಡೆದವರು ಆಮೇಲೆ ಹೆಚ್ಚಿಗೆ ಕೇಳಿ ಅರ್ಜಿ ಹಾಕುವಂತಿಲ್ಲ. ಗುಮಾಸ್ತ ಹೇಳುತ್ತಾನೆ, ಹಾಗೆಲ್ಲ ಬರೆದರೆ ರಸೀದಿ ಕೆಡುತ್ತದೆ, ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ ಎಂದು. ಆ ಕುರ್ಚಿಯಲ್ಲಿ ನಾನೂ ಕುಳಿತವನು. ರಸೀದಿ ಕೆಡುವುದಿಲ್ಲ.

ಈಗ ಅವಧಿಯ ಮಾತು. ನಿಮ್ಮ ಮುಂದಿರುವ ಜಗಳ ಒಂದಲ್ಲ, ಎರಡು. ಜಮೀನು ತೆಗೆದುಕೊಂಡದ್ದೇ ತಪ್ಪು ಎನ್ನುವುದು ಒಂದು. ಕೊಟ್ಟ ದರ ತಪ್ಪು ಎನ್ನುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬಾಗಿಲು, ಬೇರೆ ಬೇರೆ ಗಡುವು. ನಾನು ಕಂಡ ಕಡತಗಳಲ್ಲಿ ಜಮೀನು ಉಳಿಸಿಕೊಳ್ಳಲು ಓಡಾಡುತ್ತಾ ದರದ ಗಡುವನ್ನು ಕೈಬಿಟ್ಟವರೇ ಹೆಚ್ಚು. ಕೊನೆಗೆ ಜಮೀನೂ ಇಲ್ಲ, ದರವೂ ಇಲ್ಲ.

ದರದ ಜಗಳ ಮೊದಲು, ಏಕೆಂದರೆ ಅದರ ಗಡುವೇ ಗಟ್ಟಿ. 64ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಗೆ, ಅಂದರೆ ನಿಮ್ಮ ಪ್ರಕರಣದ ಭೂಸ್ವಾಧೀನಾಧಿಕಾರಿಗೆ, ವಿಷಯವನ್ನು ಪ್ರಾಧಿಕಾರಕ್ಕೆ (ಪರಿಹಾರದ ತಕರಾರು ತೀರ್ಮಾನಿಸಲು ಈ ಕಾಯ್ದೆಯಡಿ ಇರುವ ಸಂಸ್ಥೆ) ಒಪ್ಪಿಸಿ ಎಂದು ಲಿಖಿತ ಅರ್ಜಿ ಕೊಡಬೇಕು. ಐತೀರ್ಪು ಹೇಳುವಾಗ ನೀವಾಗಲಿ ನಿಮ್ಮ ಪ್ರತಿನಿಧಿಯಾಗಲಿ ಹಾಜರಿದ್ದರೆ ಆರು ವಾರ. ಇಲ್ಲದಿದ್ದರೆ ನೋಟಿಸು ತಲುಪಿ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ಅಪ್ಪ ಹಾಜರಿರಲಿಲ್ಲ, ನೋಟಿಸೂ ಕೈಗೆ ಬಂದಿಲ್ಲ ಎನ್ನುವುದು ನಿಂತರೆ ಮೇ 14ರವರೆಗೆ ನಿಮಗೆ ಅವಧಿ ಇದೆ. ಆದರೆ ಮೇ ತಿಂಗಳು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕೂರಬೇಡಿ, ಈ ವಾರವೇ ಕೊಡಿ. ನಿಮ್ಮ ಕಾಕಾ ಎಲ್ಲಿ ಯಾವ ಹಾಳೆಗೆ ಸಹಿ ಹಾಕಿದ್ದಾನೋ ನಿಮಗೆ ಗೊತ್ತಿಲ್ಲ.

ಅದನ್ನು ತಿಳಿಯಲು ಐತೀರ್ಪಿನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಜೊತೆಗೆ ವಿಚಾರಣೆಯ ಹಾಜರಿ ಹಾಳೆ, ಜಂಟಿ ಅಳತೆಯ ವರದಿ, ಅಂಟಿಸಿದ ನೋಟಿಸಿನ ಮಹಜರು, ಇವೆಲ್ಲದರ ನಕಲೂ ಕೇಳಿ. ನಕಲಿನ ಕೊನೆಯ ಪುಟದ ಬೆನ್ನಿಗೆ ನೇರಳೆ ಶಾಯಿಯ ಮೊಹರು ಬೀಳುತ್ತದೆ: ಅರ್ಜಿ ಬಂದ ದಿನ, ಶುಲ್ಕ ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ಗುಮಾಸ್ತ ಆತುರದಲ್ಲಿ ಎರಡು ಮನೆ ತುಂಬಿ ಎರಡು ಖಾಲಿ ಬಿಡುತ್ತಾನೆ. ನಿಂತು ನಾಲ್ಕನ್ನೂ ತುಂಬಿಸಿಕೊಳ್ಳಿ. ಐತೀರ್ಪಿನಲ್ಲಿ ಏನಿದೆ ಎಂದು ನಿಮಗೆ ಯಾವತ್ತು ಗೊತ್ತಾಯಿತು ಎಂಬ ಪ್ರಶ್ನೆ ಬಂದಾಗ ಮಾತನಾಡುವುದು ಆ ಮೊಹರು, ಫೋನ್ ಕರೆಯಲ್ಲ.

ಇನ್ನು ಜಮೀನಿನ ಜಗಳ. ಸ್ಥಳೀಯ ಸಿವಿಲ್ ಕೋರ್ಟಿಗೆ ಹೋಗುವ ಮಾತು ಬಿಡಿ. 63ನೇ ಕಲಂ ಆ ಬಾಗಿಲು ಮುಚ್ಚಿದೆ. ಉಳಿದದ್ದು ಹೈಕೋರ್ಟಿನ ರಿಟ್. ಅದಕ್ಕೆ ಕಾಯ್ದೆಯಲ್ಲಿ ಇಷ್ಟೇ ದಿನ ಎಂದು ಬರೆದಿಲ್ಲ, ನಿಜ. ಆದರೆ ತಡಮಾಡಿ ಬಂದವರನ್ನು ನ್ಯಾಯಾಲಯ ಬಾಗಿಲಲ್ಲೇ ನಿಲ್ಲಿಸುತ್ತದೆ. ಐತೀರ್ಪಾಗಿ, ಜಮೀನು ಸರ್ಕಾರದ ವಶಕ್ಕೂ ಹೋದ ಮೇಲೆ ರಿಟ್‌ಗೆ ಕಿವಿಗೊಡಬಾರದು ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಮುಂಬೈ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಹೇಳಿದೆ. ಅಲ್ಲಿಂದ ಈಚೆಗೂ ಅದನ್ನೇ ಹೇಳುತ್ತಾ ಬಂದಿದೆ.

ನಿಮ್ಮ ಜಮೀನು ಇನ್ನೂ ಸರ್ಕಾರದ ವಶಕ್ಕೆ ಹೋಗಿಲ್ಲ, ಅದು ನಿಮ್ಮ ಪಾಲಿಗಿರುವ ಒಂದು ಒಳ್ಳೆಯ ಅಂಶ. ಕೆಟ್ಟ ಅಂಶವೂ ಇದೆ. ಪ್ರಾಥಮಿಕ ಅಧಿಸೂಚನೆಗೆ ಆಕ್ಷೇಪ ಸಲ್ಲಿಸಲು 15ನೇ ಕಲಂ 60 ದಿನ ಕೊಡುತ್ತದೆ. ನೀವು ಒಂದು ಚೀಟಿಯನ್ನೂ ಕೊಟ್ಟಿಲ್ಲ. ಅಜ್ಜನ ಹೆಸರಿನ ನೋಟಿಸು ಎಂಬ ವಾದ ಕೇಳಲು ಚೆನ್ನಾಗಿದೆ. ಆದರೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರಿಗೆ ನೋಟಿಸು ಕೊಟ್ಟರೆ ಸಾಕು, ನಿಜವಾದ ಮಾಲೀಕರು ಯಾರೆಂದು ಮನೆ ಮನೆ ಹುಡುಕಿಕೊಂಡು ಹೋಗಬೇಕಿಲ್ಲ ಎನ್ನುವ ತೀರ್ಪುಗಳಿವೆ. ಹದಿನಾರು ವರ್ಷ ಪೌತಿ ಮಾಡಿಸದೆ ಬಿಟ್ಟದ್ದು ಯಾರು ಎಂದು ಸರ್ಕಾರಿ ವಕೀಲರು ಕೇಳಿಯೇ ಕೇಳುತ್ತಾರೆ.

ಗಡುವು ಸರ್ಕಾರಕ್ಕೂ ಇದೆ, ಅದನ್ನೂ ನೋಡಿದೆ. ಪ್ರಾಥಮಿಕದಿಂದ ಅಂತಿಮ ಅಧಿಸೂಚನೆಗೆ 12 ತಿಂಗಳು, ಅಂತಿಮದಿಂದ ಐತೀರ್ಪಿಗೆ 12 ತಿಂಗಳು. ನಿಮ್ಮ ದಿನಾಂಕಗಳಲ್ಲಿ ಎರಡೂ ಒಳಗೇ ಇವೆ. ಅಲ್ಲಿ ತೂತು ಸಿಗುವುದಿಲ್ಲ.

ರಾಯಚೂರಿನ ವಕೀಲೆ:

ಶಿರಸ್ತೇದಾರರ ಮಾತು ಬಹುಪಾಲು ಸರಿ. ನಾನು ಎರಡು ಮೂರು ಕಡೆ ಕೈಹಾಕುತ್ತೇನೆ.

64ನೇ ಕಲಂನ ಆರು ವಾರದ ಭಾಗ ಓದುವಾಗ ಹುಷಾರು. ಅದರಲ್ಲಿ 21ನೇ ಕಲಂನ ನೋಟಿಸು ತಲುಪಿದ ದಿನದಿಂದ ಎಂದಿದೆ. 21ನೇ ಕಲಂನ ನೋಟಿಸು ಬರುವುದು ಐತೀರ್ಪಿಗೆ ಮೊದಲು, ನಿಮ್ಮ ಹಕ್ಕುಬಾಧ್ಯತೆ ಹೇಳಿ ಎಂದು ಕರೆಯುವುದಕ್ಕೆ. ಅಕ್ಷರಶಃ ಹಿಡಿದರೆ ಐತೀರ್ಪು ಹುಟ್ಟುವ ಮೊದಲೇ ಅದನ್ನು ಪ್ರಶ್ನಿಸುವ ಅವಧಿ ತೀರಿಹೋಗಬಹುದು! ಕಾಯ್ದೆ ಬರೆದವರು ಹಳೆಯ 1894ರ ಕಾಯ್ದೆಯ ಸಾಲನ್ನು ಎತ್ತಿಡುವಾಗ ಸಂಖ್ಯೆ ತಪ್ಪಿರಬೇಕು ಎಂಬುದು ನನ್ನ ಊಹೆ. ಐತೀರ್ಪಿನ ನೋಟಿಸು ಇರುವುದು 37ನೇ ಕಲಂನಲ್ಲಿ. ಎದುರು ಪಕ್ಷದವರು ಅಕ್ಷರ ಹಿಡಿದು ವಾದಿಸಿದರೆ ಉತ್ತರ ನಿಮ್ಮ ಅರ್ಜಿಯಲ್ಲೇ ಇರಲಿ. 64ನೇ ಕಲಂನ ಪರಂತುಕದಲ್ಲಿ (ವಿನಾಯಿತಿ ಹೇಳುವ ಸಾಲಿನಲ್ಲಿ), ಸಾಕಷ್ಟು ಕಾರಣ ತೋರಿಸಿದರೆ ಇನ್ನೂ ಒಂದು ವರ್ಷದವರೆಗೆ ಬಂದ ಅರ್ಜಿಯನ್ನು ಸ್ವೀಕರಿಸಬಹುದು ಎಂದಿದೆ. ಹಾಗಾಗಿ ಒಂದೇ ಅರ್ಜಿಯಲ್ಲಿ ಎರಡೂ ಬರೆಯಿರಿ: ಅರ್ಜಿ ಅವಧಿಯೊಳಗೇ ಇದೆ, ಇಲ್ಲವೆಂದು ಕಂಡರೆ ಈ ಕಾರಣಗಳಿಗಾಗಿ ವಿಳಂಬವನ್ನು ಮನ್ನಿಸಿ.

‘ಗೊತ್ತಾದ ದಿನ’ ಎಂದು ಅವರು ಹೇಳಿದ್ದಕ್ಕೆ ಆಧಾರವೂ ಇದೆ. ಐತೀರ್ಪಿನ ದಿನಾಂಕ ಎಂದರೆ ಅಧಿಕಾರಿ ತನ್ನ ಕೋಣೆಯಲ್ಲಿ ಸಹಿ ಹಾಕಿದ ದಿನವಲ್ಲ, ಸಂಬಂಧಪಟ್ಟವರಿಗೆ ಅದು ತಿಳಿದ ಅಥವಾ ತಿಳಿದಿದೆ ಎಂದು ಭಾವಿಸಬಹುದಾದ ದಿನ ಎಂದು ಸುಪ್ರೀಂ ಕೋರ್ಟ್ 1961ರಲ್ಲಿ ರಾಜಾ ಹರೀಶ್ ಚಂದ್ರ ಪ್ರಕರಣದಲ್ಲಿ ಹೇಳಿತು. ನೋಟಿಸಿನ ಜೊತೆ ಐತೀರ್ಪಿನ ಪ್ರತಿ ಕೊಡದಿದ್ದರೆ ಅವಧಿ ಓಡುವುದಿಲ್ಲ ಎಂಬ ಧಾಟಿಯ ತೀರ್ಪು 2012ರಲ್ಲಿ ಬಂದಿದೆ, ಪ್ರೇಮ್‌ಜಿ ನಾಥು ಪ್ರಕರಣ. ಎರಡೂ ಹಳೆಯ ಕಾಯ್ದೆಯಡಿಯವು, ಆದರೂ ತತ್ತ್ವ ಅದೇ.

ಒಂದು ಕಡೆ ಮಾತ್ರ ನನ್ನ ಅಭಿಪ್ರಾಯ ಬೇರೆ. ರಿಟ್ ಬಗ್ಗೆ ಶಿರಸ್ತೇದಾರರು ತಣ್ಣೀರು ಎರಚಿದ್ದು ಸ್ವಲ್ಪ ಜಾಸ್ತಿಯಾಯಿತು. ನೀರಾವರಿ ಇದ್ದು ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯುವ ಜಮೀನನ್ನು ಅನಿವಾರ್ಯ ಸಂದರ್ಭದಲ್ಲಿ, ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ತೆಗೆದುಕೊಳ್ಳಬೇಕು ಎಂದು 10ನೇ ಕಲಂ ಹೇಳುತ್ತದೆ. ರಸ್ತೆ, ರೈಲು, ಕಾಲುವೆಯಂಥ ಉದ್ದಕ್ಕೆ ಹೋಗುವ ಯೋಜನೆಗಳಿಗೆ ವಿನಾಯಿತಿ ಇದೆ, ಕೆರೆಗೆ ಇಲ್ಲ. ನಿಮ್ಮ ಗದ್ದೆಯನ್ನು ಖುಷ್ಕಿ ಎಂದು ಬರೆದದ್ದರಿಂದ ದರವೂ ಇಳಿಯಿತು, 10ನೇ ಕಲಂನ ಪ್ರಶ್ನೆಯೂ ಏಳಲಿಲ್ಲ. ಅದು ಕೈತಪ್ಪೋ ಕೈಚಳಕವೋ ನಾನು ಹೇಳಲಾರೆ, ಆದರೆ ಜಂಟಿ ಅಳತೆಯ ವರದಿಯಲ್ಲಿ ಏನು ಬರೆದಿದ್ದಾರೆ ಎಂದು ನೋಡಲೇಬೇಕು. ಅಲ್ಲಿ ‘ಭತ್ತ’ ಎಂದಿದ್ದು ಐತೀರ್ಪಿನಲ್ಲಿ ‘ಖುಷ್ಕಿ’ ಆಗಿದ್ದರೆ ನಿಮ್ಮ ಕೈಯಲ್ಲಿ ವಿಷಯವಿದೆ. ಜಮೀನು ವಶಕ್ಕೆ ತೆಗೆದುಕೊಂಡ ಪಂಚನಾಮೆ ಆಗುವ ಮೊದಲು ಹೈಕೋರ್ಟಿಗೆ ಹೋಗಬೇಕು. ಆಮೇಲೆ ಹೋದರೆ ಶಿರಸ್ತೇದಾರರ ಮಾತೇ ಗೆಲ್ಲುತ್ತದೆ.

64ನೇ ಕಲಂನ ಅರ್ಜಿಯಲ್ಲಿ ‘ಸ್ವಾಧೀನವನ್ನೇ ಪ್ರಶ್ನಿಸುವ ನಮ್ಮ ಹಕ್ಕಿಗೆ ಬಾಧೆ ಬಾರದಂತೆ’ ಎಂದು ಸೇರಿಸಿ. ಇಲ್ಲದಿದ್ದರೆ, ಹಣ ಹೆಚ್ಚಿಗೆ ಕೇಳಿದ ಮೇಲೆ ಜಮೀನು ಕೊಟ್ಟಂತೆಯೇ ಅಲ್ಲವೇ ಎನ್ನುತ್ತಾರೆ. ಕೊಪ್ಪಳ ಜಿಲ್ಲೆಯವರು ನೀವು, ನಿಮ್ಮ ರಿಟ್ ಧಾರವಾಡ ಪೀಠಕ್ಕೆ. ಕಲಬುರಗಿ ಪೀಠ ನಮ್ಮ ರಾಯಚೂರಿನವರಿಗೆ.

ಬಳ್ಳಾರಿ ಕಿರಾಣಿ:

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ನಿಮಗಾದರೂ ಅಧಿಸೂಚನೆ, ಐತೀರ್ಪು ಎಂದು ಕಾಗದಗಳಿವೆ. ನನ್ನ ಅಂಗಡಿಯ ಗೋಡೆಗೆ ಬಂದದ್ದು ಕೆಂಪು ಬಣ್ಣದ ಒಂದು ಬಾಣದ ಗುರುತು ಮತ್ತು ‘4.2 ಮೀ’ ಎಂಬ ಬರಹ, ಅಷ್ಟೇ. ರಸ್ತೆ ಅಗಲೀಕರಣವಂತೆ. ಯಾವ ಕಾಯ್ದೆ, ಯಾವ ನೋಟಿಸು ಎಂದು ಕೇಳಿದರೆ, ಎಲ್ಲರೂ ಬಿಟ್ಟುಕೊಟ್ಟಿದ್ದಾರೆ, ನಿಮ್ಮದೊಂದೇ ತಕರಾರು ಎಂದರು. ಹೀಗೆ ಕಾಗದವೇ ಇಲ್ಲದೆ ತೆಗೆದುಕೊಂಡರೆ ಗಡುವು ಯಾವಾಗಿನಿಂದ ಎಣಿಸಬೇಕು? ನನ್ನ ಪಕ್ಕದವರದು ಒಡೆದು ಎಷ್ಟೋ ವರ್ಷವಾಯಿತು, ಒಂದು ರೂಪಾಯಿ ಬಂದಿಲ್ಲ. ಈಗ ಕೇಳಿದರೆ ತಡವಾಯಿತು ಎನ್ನುತ್ತಾರಂತೆ.

ರಾಯಚೂರಿನ ವಕೀಲೆ:

ಕಿರಾಣಿಯವರೇ, ಅದು ಬೇರೆಯದೇ ಕಥೆ, ಮತ್ತು ನಿಮ್ಮ ಪಕ್ಕದವರ ಪರವಾಗಿಯೇ ಇದೆ. ಕಾನೂನಿನ ಪ್ರಕಾರ ತೆಗೆದುಕೊಂಡಿದ್ದನ್ನು ತಡವಾಗಿ ಪ್ರಶ್ನಿಸುವುದು ಬೇರೆ, ಕಾನೂನೇ ಇಲ್ಲದೆ ತೆಗೆದುಕೊಂಡದ್ದು ಬೇರೆ. ಹಿಮಾಚಲದ ವಿದ್ಯಾ ದೇವಿ ಎಂಬ ಅಕ್ಷರ ಬಾರದ ಹೆಣ್ಣುಮಗಳ ಜಮೀನನ್ನು 1967-68ರಲ್ಲಿ ರಸ್ತೆಗಾಗಿ ಹಾಗೇ ತೆಗೆದುಕೊಂಡಿದ್ದರು. ತಡವಾಯಿತು ಎಂಬ ಸರ್ಕಾರದ ಮಾತನ್ನು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ತಳ್ಳಿಹಾಕಿ ಪರಿಹಾರ ಕೊಡಿಸಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ ಎನ್ನುವ ಸಂವಿಧಾನದ 300ಎ ವಿಧಿ ಇರುವುದೇ ಅದಕ್ಕೆ. 2024ರ ಮೇ ತಿಂಗಳಲ್ಲಿ ಕೋಲ್ಕತ್ತಾ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ನೋಟಿಸು ಕೊಡುವುದರಿಂದ ಹಿಡಿದು ಪ್ರಕ್ರಿಯೆಯನ್ನು ಬೇಗ ಮುಗಿಸುವವರೆಗೆ ಸರ್ಕಾರ ಪಾಲಿಸಬೇಕಾದ ಏಳು ಅಂಶಗಳನ್ನು ಸುಪ್ರೀಂ ಕೋರ್ಟ್ ಹೆಸರಿಸಿತು. ಕೇವಲ ಹಣ ಕೊಡುತ್ತೇವೆ ಎಂದರೆ ಸಾಲದು. ಗೋಡೆಯ ಮೇಲಿನ ಬಾಣ ನೋಟಿಸಲ್ಲ. ಆದರೆ ಅದರ ಫೋಟೊ ಇವತ್ತೇ ತೆಗೆದಿಟ್ಟುಕೊಳ್ಳಿ, ಖಾತೆ ಮತ್ತು ತೆರಿಗೆ ರಸೀದಿಗಳನ್ನು ಒಂದೆಡೆ ಇಡಿ. ಒಡೆಯುವ ಮೊದಲು ಕೋರ್ಟಿಗೆ ಹೋಗುವುದಕ್ಕೂ ಒಡೆದ ಮೇಲೆ ಹೋಗುವುದಕ್ಕೂ ಅಜಗಜಾಂತರ.

ಸಿರುಗುಪ್ಪದಿಂದ ಲೀಡ್ಸ್‌ಗೆ:

ಗಡುವಿನ ವಿಷಯದಲ್ಲಿ ಇಲ್ಲಿ ಇಂಗ್ಲೆಂಡಿನಲ್ಲಿ ಇನ್ನೂ ಕಠಿಣ. ಸ್ಥಳೀಯ ಆಡಳಿತದ ಕಡ್ಡಾಯ ಖರೀದಿ ಆದೇಶ (ಇಲ್ಲಿನ ಭೂಸ್ವಾಧೀನವೇ ಅದು) ದೃಢಪಟ್ಟ ಪ್ರಕಟಣೆ ಹೊರಬಿದ್ದ ದಿನದಿಂದ ಆರು ವಾರ, 1981ರ ಕಾಯ್ದೆಯ 23ನೇ ಕಲಂ. ಅದು ದಾಟಿತೋ ಮುಗಿಯಿತು. ಹಳೆಯ ಕಾನೂನಿನಲ್ಲೂ ಇದೇ ಆರು ವಾರವಿತ್ತು. 1948ರ ಆದೇಶವೊಂದನ್ನು ಒಬ್ಬ ಹೆಂಗಸು 1954ರಲ್ಲಿ ಪ್ರಶ್ನಿಸಿ, ಇದು ದುರುದ್ದೇಶದಿಂದ ಮಾಡಿದ್ದು ಎಂದು ವಾದಿಸಿದರು. ದುರುದ್ದೇಶವೇ ಇದ್ದರೂ ಆರು ವಾರ ಕಳೆದ ಮೇಲೆ ಆದೇಶವನ್ನು ಪ್ರಶ್ನಿಸುವಂತಿಲ್ಲ ಎಂದು 1956ರಲ್ಲಿ ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು, ಐವರಲ್ಲಿ ಮೂವರ ಬಹುಮತದಿಂದ. ನಮ್ಮಲ್ಲಿ ರಿಟ್‌ಗೆ ಇಂಥ ಗೋಡೆ ಇಲ್ಲವಲ್ಲ, ಅದೇ ಪುಣ್ಯ.

ಹಳೆಯ ಶಿರಸ್ತೇದಾರ:

ಪುಣ್ಯವೋ ಪಾಪವೋ. ಗೋಡೆ ಕಣ್ಣಿಗೆ ಕಂಡರೆ ಜನ ಅದಕ್ಕಿಂತ ಮೊದಲೇ ಓಡಿ ಬರುತ್ತಾರೆ. ನಮ್ಮಲ್ಲಿ ಗೋಡೆ ಇಲ್ಲ ಎಂದುಕೊಂಡು ನಿಧಾನವಾಗಿ ಬಂದು ಹಣೆ ಚಚ್ಚಿಕೊಳ್ಳುತ್ತಾರೆ. ನನಗಂತೂ ಆರು ವಾರವೇ ವಾಸಿ ಎನಿಸುತ್ತದೆ, ಒಂದು ಷರತ್ತಿನ ಮೇಲೆ: ನೋಟಿಸನ್ನು ಪಂಪ್‌ಸೆಟ್ ಮನೆಯ ಬಾಗಿಲಿಗಲ್ಲ, ಮನುಷ್ಯನ ಕೈಗೆ ಕೊಡಬೇಕು.

ಎಡದಂಡೆಯ ಮಗಳು:

ಎಲ್ಲರಿಗೂ ಧನ್ಯವಾದ. ನಕಲುಗಳು ಸಿಕ್ಕಿವೆ, ಮೊಹರಿನ ನಾಲ್ಕೂ ಮನೆ ತುಂಬಿಸಿಕೊಂಡೆ. ಮೂರನೆಯದಕ್ಕೆ ಗುಮಾಸ್ತರು ನನ್ನ ಮುಖ ನೋಡಿದರು.

ಹಾಜರಿ ಹಾಳೆಯಲ್ಲಿ ಕಾಕಾನ ಸಹಿ ಇದೆ, ಆದರೆ ಅದು ಸೆಪ್ಟೆಂಬರ್‌ನ ವಿಚಾರಣೆಯದು. ನವೆಂಬರ್ 14ರ ಹಾಳೆಯಲ್ಲಿ ನಮ್ಮ ಸರ್ವೆ ನಂಬರಿನ ಮುಂದೆ ‘ಗೈರುಹಾಜರು’ ಎಂದಿದೆ. ಜಂಟಿ ಅಳತೆಯ ವರದಿಯಲ್ಲಿ ‘ಭತ್ತ, ಬೋರ್‌ವೆಲ್ 1, ತೆಂಗು 11’ ಎಂದು ಸರ್ವೆಯರ್ ಚೆನ್ನಾಗಿಯೇ ಬರೆದಿದ್ದಾರೆ. ಅಲ್ಲಿಂದ ಐತೀರ್ಪಿಗೆ ಬರುವ ದಾರಿಯಲ್ಲಿ ಭತ್ತ ಒಣಗಿದೆ. 64ನೇ ಕಲಂನ ಅರ್ಜಿಯನ್ನು ವಕೀಲ ಮೇಡಂ ಹೇಳಿದ ಎರಡೂ ಸಾಲು ಸೇರಿಸಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅಪ್ಪ ಧಾರವಾಡಕ್ಕೆ ಹೋಗೋಣ ಎನ್ನುತ್ತಿದ್ದಾರೆ. ಕಾಕಾನದು ಮಾತ್ರ ಬೇರೆ ರಾಗ. ಅವನ ಮಗಳ ಮದುವೆ ಗೊತ್ತಾಗಿದೆ, ಅರ್ಧ ಹಣ ಈಗಲೇ ಬೇಕು, ನಿಮ್ಮ ಕೋರ್ಟು ನೀವೇ ನೋಡಿಕೊಳ್ಳಿ ಎನ್ನುತ್ತಾನೆ. ಅವನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ನಮ್ಮ ಅರ್ಜಿಗೆ ತೊಂದರೆಯೇ?

ಹಳೆಯ ಶಿರಸ್ತೇದಾರ:

ಅವನ ಸಹಿ ಅವನ ಪಾಲನ್ನು ಕಟ್ಟುತ್ತದೆ, ಅಪ್ಪನ ಪಾಲನ್ನಲ್ಲ. ಆದರೆ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುವಾಗ, ಇಡೀ ಕುಟುಂಬದ ಪರವಾಗಿ ಎಂದು ಕಾಕಾನ ಕೈಯಿಂದ ಬರೆಸಿಕೊಳ್ಳುವ ಸಾಧ್ಯತೆ ಇದೆ. ಅದಕ್ಕೆ ಮೊದಲು ಅಪ್ಪನಿಂದ ಒಂದು ತಕರಾರು ಅರ್ಜಿ ಕೊಡಿಸಿ: ನನ್ನ ಪರವಾಗಿ ಸಹಿ ಹಾಕಲು ಯಾರಿಗೂ ಅಧಿಕಾರ ಕೊಟ್ಟಿಲ್ಲ, ನನ್ನ ಪಾಲಿನ ಹಣವನ್ನು ಬೇರೆಯಾಗಿಡಿ ಎಂದು. ಹಂಚಿಕೆಯ ತಕರಾರು ಬಂದರೆ ಅದನ್ನೂ ಪ್ರಾಧಿಕಾರಕ್ಕೆ ಒಪ್ಪಿಸಲು ದಾರಿ ಇದೆ.

ಕಾಕಾನ ಜೊತೆ ಜಗಳವಾಡಬೇಡಿ. ಮದುವೆಯ ಹಣ ನಿಲ್ಲಿಸಿದರೆ ಅವನು ಎದುರು ಪಕ್ಷದ ಸಾಕ್ಷಿಯಾಗುತ್ತಾನೆ. ಒಪ್ಪಿಗೆ ಪತ್ರ ಬಿಟ್ಟು, ಪ್ರತಿಭಟನೆಯ ಆ ಒಂದು ಸಾಲು ಬರೆದು ಅವನೂ ತನ್ನ ಪಾಲು ಪಡೆಯಲಿ. ನಾಳೆ ದರ ಹೆಚ್ಚಾದರೆ ಅವನಿಗೂ ಬರುತ್ತದೆ ಎಂದು ಅವನ ಹೆಂಡತಿಗೆ ಹೇಳಿ, ಅವನಿಗಲ್ಲ. ನಿಮ್ಮ ಅರ್ಜಿಯನ್ನು ಪ್ರಾಧಿಕಾರಕ್ಕೆ ಕಳುಹಿಸಲು ಅವರಿಗೆ 30 ದಿನವಿದೆ. ಮೂವತ್ತೊಂದನೇ ದಿನ ಹೋಗಿ ಕಳುಹಿಸಿದ ಪತ್ರದ ಸಂಖ್ಯೆ ಕೇಳಿ. ಸಂಖ್ಯೆ ಕೊಡದಿದ್ದರೆ ನೇರವಾಗಿ ಪ್ರಾಧಿಕಾರಕ್ಕೇ ಅರ್ಜಿ ಹಾಕಲು ಬರುತ್ತದೆ, ಆಗ ಇಲ್ಲಿ ಮತ್ತೆ ಬರೆಯಿರಿ.